ಲೆಸಿಯೇಲಿಗೆ ಮೈ ಬಂದ ವರ್ಷ

ಕೆಸುವಿನ ಎಲೆಯ ನಾರು ತೆಗೆದು ಒಂದರ ಮೇಲೊಂದು ಹಾಸಿ ನಾನು ಕೊಡುತ್ತಿದ್ದೆ. ನನ್ನ ಸೊಸೆ ಲೆಸಿಯೇಲಿ ಅದರೊಳಗೆ ಡಬ್ಬಿಮಾಂಸ, ಈರುಳ್ಳಿ ಇಟ್ಟು, ತೆಂಗಿನ ಹಾಲು ಹೊಯ್ದು, ಬಾಳೆಲೆಯಲ್ಲಿ ಮಡಚಿ ಕಟ್ಟುತ್ತಿದ್ದಳು. ಭಾನುವಾರ. ಚರ್ಚಿನ ಮೊದಲ ಗಂಟೆ ಇನ್ನೂ ಬಾರಿಸಿರಲಿಲ್ಲ. ಹಿತ್ತಿಲ ಗುಂಡಿಯಲ್ಲಿ ನನ್ನ ಮಗ ಮನಾಸೆ ನೆಲದೊಲೆಗೆ ಕಲ್ಲು ಕಾಯಿಸುತ್ತಿದ್ದ. ತೆಂಗಿನ ಚಿಪ್ಪಿನ ಹೊಗೆ ಅಡುಗೆಮನೆಯ ಗರಿಯ ಸೂರಿಗೆ ನುಗ್ಗಿ ಅಲ್ಲೇ ಸುತ್ತುತ್ತಿತ್ತು. ಆ ಅಡುಗೆಮನೆ ಈಗಿಲ್ಲ, ಒಂದು ಚಂಡಮಾರುತಕ್ಕೆ ಹೋಯಿತು. ಆದರೆ ಆ ಹೊಗೆಯ ವಾಸನೆ ನನ್ನ ಮೂಗಿನಿಂದ ಹೋಗಿಲ್ಲ.

"ಎಷ್ಟಾಯ್ತೇ?" ಅಂತ ಕೇಳಿದೆ.

"ಐದು, ಅತ್ತೆಮ್ಮ."

ಮನೆಯಲ್ಲಿ ಇದ್ದವರು ನಾಲ್ಕು ಜನ. ನಾನು, ಮನಾಸೆ, ಲೆಸಿಯೇಲಿ, ಅವರ ದೊಡ್ಡ ಮಗಳು ಲಾವಿನಿಯ. ಐದನೆಯ ಪೊಟ್ಟಣ ಚಿಕ್ಕದು, ಈರುಳ್ಳಿ ಹಾಕದ್ದು. ಪಿಸಿಲಳಿಗೆ ಈರುಳ್ಳಿ ಕಂಡರೆ ಆಗುತ್ತಿರಲಿಲ್ಲ.

ನೀರಿನ ಬಕೆಟ್ ಇಳಿಸಿದ ಲಾವಿನಿಯ ಅದನ್ನು ನೋಡಿಬಿಟ್ಟಳು. ಹದಿಮೂರು ವರ್ಷದ ಹುಡುಗಿ, ನಾಲಿಗೆ ಮಾತ್ರ ಮೂವತ್ತರದ್ದು.

"ತಂಗಿ ಇಲ್ವಲ್ಲಮ್ಮ. ಇದು ಯಾರಿಗೆ?"

"ಕೈ ಕಟ್ತು, ಕಟ್ಟಿದೆ. ನಿಂಗೇನು?"

"ಹೋದ ವಾರಾನೂ ಕೈನೇ ಕಟ್ಟಿದ್ದು. ತಿಂದಿದ್ದು ಮಾತ್ರ ಬಾಯಿ."

"ಲಾವಿನಿಯ, ಎಲೆ ತರ್ತೀಯೋ, ಬಾಳೆದಿಂಡಲ್ಲಿ ಬಾರಿಸ್ಲೋ?" ಅಂತ ನಾನು ಗದರಿದೆ. ಹುಡುಗಿ ನಕ್ಕು ಓಡಿದಳು. ಲೆಸಿಯೇಲಿ ನಗಲಿಲ್ಲ. ಚಿಕ್ಕ ಪೊಟ್ಟಣವನ್ನು ಬುಟ್ಟಿಯ ತಳಕ್ಕೆ ಸೇರಿಸಿದಳು.

ಪಿಸಿಲ ಅವರ ಕಿರಿಯ ಮಗಳು, ಐದು ವರ್ಷದವಳು. ನನ್ನ ಮಗಳು ವಾಸಿತಿ, ಮನಾಸೆಯ ಅಕ್ಕ, ರಾಜಧಾನಿ ನುಕುಅಲೋಫದಲ್ಲಿದ್ದಳು. ಮದುವೆಯಾಗಿ ವರ್ಷಗಳಾದರೂ ಮಡಿಲು ತುಂಬಿರಲಿಲ್ಲ. ಅದರ ಹಿಂದಿನ ಕ್ರಿಸ್ಮಸ್ಸಿಗೆ ಬಂದವಳು ಊಟ ಮುಗಿಸಿ, ಚಾಪೆಯ ಮೇಲೆ ಕೂತು, ಪಿಸಿಲಳ ತಲೆ ಬಾಚುತ್ತಾ, "ಈ ಕೂಸು ನನಗಿರ್ಲಿ" ಅಂದಳು. ಅಷ್ಟೇ. ನಮ್ಮಲ್ಲಿ ಸೋದರತ್ತೆಯ ಮಾತಿಗೆ ಎದುರಿಲ್ಲ. ತಮ್ಮನ ಮನೆಯಲ್ಲಿ ಅವಳು ಕೂತ ಜಾಗವೇ ಎತ್ತರದ್ದು. ಹಂದಿ ಸುಟ್ಟರೆ ಮೊದಲ ತುಂಡು ಅವಳಿಗೆ, ಮಗು ಹುಟ್ಟಿದರೆ ಹೆಸರಿಡುವವಳೂ ಅವಳೇ. ಬೆಳೆದ ತಮ್ಮ ಅಕ್ಕನ ಎದುರು ಹಗುರ ಮಾತಾಡುವುದಿಲ್ಲ, ಒಂದೇ ಕೋಣೆಯಲ್ಲಿ ಮೈಚಾಚಿ ಮಲಗುವುದಿಲ್ಲ. ಇನ್ನು ಇಲ್ಲ ಅನ್ನುವುದೆಲ್ಲಿ ಬಂತು? ಮನಾಸೆ ತಲೆ ಎತ್ತಲೇ ಇಲ್ಲ. ಮಗುವಿನ ಬಟ್ಟೆಯನ್ನು ಬುಟ್ಟಿಗೆ ಮಡಚಿಟ್ಟವಳು ಲೆಸಿಯೇಲಿಯೇ.

ಹಡಗು ಬಂದ ದಿನ ಯಾರೂ ಅಳಲಿಲ್ಲ. ಕೊಟ್ಟ ಮೇಲೆ ಅತ್ತರೆ ಕೊಟ್ಟದ್ದು ಕೊಟ್ಟಂತಲ್ಲ. ಅಂದಿನಿಂದ ಮನೆಯಲ್ಲಿ ಪಿಸಿಲಳ ಹೆಸರನ್ನೂ ಯಾರೂ ಎತ್ತಲಿಲ್ಲ. ಎತ್ತಿದರೆ ಗೊಣಗಿದ ಹಾಗಾಗುತ್ತದೆಂಬ ಅಂಜಿಕೆ.

ನನ್ನ ಪಾಡು ಕೇಳಬೇಡಿ. ಒಬ್ಬಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಇನ್ನೊಬ್ಬಳು ಹದಿನೆಂಟಕ್ಕೇ ನನ್ನ ಒಲೆ ಮುಂದೆ ಬಂದು ಕೂತವಳು. ನಾನು ಮಗಳಿಗೆ ಹೇಳಿದ್ದರೆ ಅದು ಹೆತ್ತವಳ ಅಪ್ಪಣೆಯಾಗುತ್ತಿತ್ತು. ಮಗುವನ್ನು ವಾಪಸು ಕಳಿಸಿ, ನಾಚಿಕೆಯಲ್ಲಿ ಅವಳು ಮತ್ತೆ ಈ ಕಡೆ ಮುಖ ಹಾಕುತ್ತಿರಲಿಲ್ಲ.

ನಮ್ಮ ದ್ವೀಪಕ್ಕೆ ಹಡಗು ದಡದವರೆಗೆ ಬರುವುದಿಲ್ಲ. ಹವಳದ ಬಂಡೆಯ ಆಚೆ ನಿಲ್ಲುತ್ತದೆ. ಜನ, ಮೂಟೆ, ಹಂದಿ, ಅಂಚೆಚೀಲ ಎಲ್ಲವನ್ನೂ ಮನಾಸೆಯ ದೋಣಿಯೇ ಸಾಗಿಸಬೇಕು. ವಾರವಾರವೂ ಅವನು ತಿರುಗಿ ಬರುವಾಗ ಹೆಗಲ ಮೇಲೊಂದು ರಟ್ಟಿನ ಪೆಟ್ಟಿಗೆ ಇರುತ್ತಿತ್ತು. ವಾಸಿತಿ ಕಳಿಸಿದ್ದು. ಡಬ್ಬಿಮಾಂಸ, ಗಟ್ಟಿ ಕ್ಯಾಬಿನ್ ಬಿಸ್ಕತ್ತು, ಸಕ್ಕರೆ, ಜಾಮಿನ ಶೀಸೆ.

"ನಮ್ಮಕ್ಕ ಮರೆಯೋಳಲ್ಲ" ಅಂತ ಪೆಟ್ಟಿಗೆಯನ್ನು ಎಲ್ಲರಿಗೂ ಕಾಣುವಂತೆ ಹೊಸಿಲಲ್ಲಿ ಇಳಿಸುತ್ತಿದ್ದ.

ಲೆಸಿಯೇಲಿ ಪೆಟ್ಟಿಗೆಯ ತಳದವರೆಗೂ ಕೈಯಾಡಿಸುತ್ತಿದ್ದಳು. ಮಗುವಿನ ಒಂದು ಸುದ್ದಿ, ಒಂದು ಗೀಚಿದ ಹಾಳೆ, ಹಳೆಯದೊಂದು ರಿಬ್ಬನ್ನು, ಏನಾದರೂ ಇದೆಯೇ ಅಂತ. ಏನೂ ಇರುತ್ತಿರಲಿಲ್ಲ. ಆಮೇಲೆ ಒಂದು ಡಬ್ಬಿ ಒಡೆಯುತ್ತಿದ್ದಳು. ಬಿಸಿ ಮಾಡುತ್ತಿರಲಿಲ್ಲ. ನಿಂತಲ್ಲೇ, ಚಮಚದಲ್ಲಿ, ಬಿಳಿ ಕೊಬ್ಬಿನ ಸಮೇತ.

ಆಗ ನಾನು ಗಮನಿಸತೊಡಗಿದೆ. ಹಸಿದವರು ತಿನ್ನುವ ರೀತಿಯೇ ಬೇರೆ. ಹಸಿದವರು ಕೂರುತ್ತಾರೆ, ಉಪ್ಪು ಹೆಚ್ಚು ಅನ್ನುತ್ತಾರೆ, ಇನ್ನಷ್ಟು ಹಾಕು ಅನ್ನುತ್ತಾರೆ. ಇವಳು ಕೂರುತ್ತಿರಲಿಲ್ಲ. "ಏನ್ ತಿಂದ್ಯೇ?" ಅಂದರೆ "ಏನಿಲ್ಲ" ಅನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ, ಅವಳಿಗೆ ನಿಜವಾಗಿ ನೆನಪಿರುತ್ತಿರಲಿಲ್ಲ. ಅವಳಿಗೆ ಹಸಿವಾಗುವ ಹೊತ್ತುಗಳೂ ನನಗೆ ಪರಿಚಯದವೇ. ಬೆಳಗ್ಗೆ ಶಾಲೆಯ ಗಂಟೆ ಬಾರಿಸಿದಾಗ. ಪಿಸಿಲ ಆ ವರ್ಷ ಒಂದನೇ ತರಗತಿಗೆ ಸೇರಬೇಕಿತ್ತು. ಮಧ್ಯಾಹ್ನ ಚಿಕ್ಕ ಮಕ್ಕಳು ಕಡಲದಂಡೆಯಲ್ಲಿ ಕೂಗಾಡುವಾಗ. ಸಂಜೆ ಸ್ನಾನದ ನೀರು ಕಾದಾಗ. ಮಗುವಿನ ಹೊತ್ತುಗಳೆಲ್ಲ ಇವಳ ಹೊಟ್ಟೆಗೆ ಬಂದು ಕೂತಿದ್ದವು.

ಮಾರ್ಚ್ ಮುಗಿಯುವುದರೊಳಗೆ ಲೆಸಿಯೇಲಿ ತುಂಬಿಕೊಂಡಳು. ತೋಳು ದುಂಡಗಾಯಿತು, ಕೆನ್ನೆ ಹೊಳೆಯಿತು. ನಮ್ಮ ಜನಕ್ಕೆ ಅದಕ್ಕಿಂತ ಒಳ್ಳೆಯ ಸುದ್ದಿ ಉಂಟೇ? ಸೊರಗಿದ ಹೆಂಡತಿ ಗಂಡನಿಗೆ ಅವಮಾನ, ತುಂಬಿದವಳು ಅವನ ಮನೆಯ ಮರ್ಯಾದೆ. ಚರ್ಚಿನ ಬಾಗಿಲಲ್ಲಿ ಸಭೆಯ ಹಿರಿಯರೊಬ್ಬರ ಹೆಂಡತಿ ಲೋಸೀತ ಅವಳ ತೋಳು ಹಿಡಿದು ಹಿಂಡಿದಳು.

"ನೋಡ್ರೇ ಇವಳನ್ನ! ಸೋದರತ್ತೆ ಕೈಗೆ ಮಗು ಕೊಟ್ಟಿದ್ದೇ ಕೊಟ್ಟಿದ್ದು, ಮೈ ಹೆಂಗೆ ಬಂತು! ಮನಸ್ಸು ತಂಪಾಗಿದ್ರೆ ಹಿಂಗೇ ಕಣಮ್ಮ."

"ಹೌದಮ್ಮ" ಅಂದಳು ಲೆಸಿಯೇಲಿ.

ಮನಾಸೆ ಚರ್ಚಿಗೆಂದು ಸೊಂಟಕ್ಕೆ ಸುತ್ತಿದ್ದ ಹೆಣೆದ ಚಾಪೆಯನ್ನು ಸರಿಮಾಡಿಕೊಂಡು ಎದೆ ಎತ್ತಿ ನಡೆದ. ಲೋಸೀತಳಿಗೆ ನುಕುಅಲೋಫದಲ್ಲಿ ನೆಂಟರಿದ್ದರು. ಮಾತು ಹಡಗು ಹತ್ತಿತು. ಮುಂದಿನ ಪೆಟ್ಟಿಗೆಯ ಜೊತೆ, ಮೊದಲ ಬಾರಿಗೆ, ವಾಸಿತಿಯ ಚೀಟಿ ಬಂತು. ಲಾವಿನಿಯ ಗಟ್ಟಿಯಾಗಿ ಓದಿದಳು.

"'ಲೆಸಿಯೇಲಿ, ನೀನು ಮೈತುಂಬಿ ಚೆನ್ನಾಗಿದ್ದೀಯ ಅಂತ ಕೇಳಿ ನನ್ನ ಜೀವ ತಂಪಾಯಿತು. ನೀನು ಕೊರಗುತ್ತೀಯೇನೋ ಅಂತ ಹೆದರಿದ್ದೆ. ಇನ್ನು ಚಿಂತೆಯಿಲ್ಲ. ಮಗು ಚೆನ್ನಾಗಿದೆ. ನನ್ನನ್ನು ಅಮ್ಮ ಅನ್ನುತ್ತಿದೆ. ಈ ಸಲ ಡಬ್ಬಿ ಹೆಚ್ಚಿಗೆ ಇಟ್ಟಿದ್ದೇನೆ.'"

ಲೆಸಿಯೇಲಿ ಎದ್ದು ಒಳಗೆ ಹೋದಳು. ಬಿಸ್ಕತ್ತಿನ ಕಾಗದ ಹರಿದ ಸದ್ದು ಕೇಳಿಸಿತು.

ಏಪ್ರಿಲಿನಲ್ಲಿ ಅವಳ ಹಿಮ್ಮಡಿಯಲ್ಲಿ ಒಂದು ಗಾಯವಾಯಿತು, ಮಾಯಲಿಲ್ಲ. ಆಸ್ಪತ್ರೆಯ ನರ್ಸಮ್ಮ ಸೂಜಿ ಚುಚ್ಚಿ ರಕ್ತ ನೋಡಿ, "ಸಕ್ಕರೆ ಏರ್ತಿದೆ. ಬ್ರೆಡ್ಡು, ಡಬ್ಬಿ, ಜಾಮು ಬಿಡು. ಇಲ್ದಿದ್ರೆ ಕಾಲಿಗೆ ಬರತ್ತೆ" ಅಂದಳು. ನಮ್ಮೂರಲ್ಲಿ ಕಾಲು ಕಳೆದುಕೊಂಡವರನ್ನು ನಾವು ನೋಡಿದ್ದೆವು. ಲಾವಿನಿಯ ಹೆದರಿ, ಬ್ರೆಡ್ಡು, ಡಬ್ಬಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಪಕ್ಕದ ಮನೆಯಲ್ಲಿ ಬಚ್ಚಿಟ್ಟು ಬಂದಳು. ಮಧ್ಯಾಹ್ನ ಅಡುಗೆಮನೆಯಲ್ಲಿ ಪಾತ್ರೆ ಉರುಳಿದ ಸದ್ದು.

"ಎಲ್ಲಿಟ್ಟೆ?"

"ಹೇಳಲ್ಲ."

"ನನ್ನ ಮನೇಲಿ ನಾನು ಕದ್ದು ತಿನ್ಬೇಕೇನೇ?"

"ಕದ್ದೇ ತಿಂತಿದ್ದೀಯಲ್ಲಮ್ಮ! ತಂಗಿದೂ ತಿಂತೀಯ, ನಿಂದೂ ತಿಂತೀಯ. ನಿನ್ ಕಾಲು ಕತ್ತರಿಸಿದ್ರೆ ನನ್ನೂ ಯಾರ್ಗಾದ್ರೂ ಕೊಟ್ಬಿಡು!"

ಲೆಸಿಯೇಲಿ ಕೈ ಎತ್ತಿದಳು. ಹೊಡೆಯಲಿಲ್ಲ. ಎತ್ತಿದ ಕೈ ಹಾಗೇ ನಿಂತಿತು. ನಾನು ಹೋಗಿ ಹುಡುಗಿಯನ್ನು ಬಾವಿಗೆ ಕಳಿಸಿದೆ. ಪಕ್ಕದ ಮನೆಗೆ ಹೋಗಿ ಚೀಲವನ್ನು ನಾನೇ ತಂದು ಸೊಸೆಯ ಮುಂದಿಟ್ಟೆ.

"ಅತ್ತೆಮ್ಮ, ನರ್ಸಮ್ಮ ಬೇಡ ಅಂದಿದ್ದಾರೆ" ಅಂದಳು, ತಾನೇ.

"ನಾನು ಬೇಡ ಅನ್ನಲ್ಲ. ಬಚ್ಚಿಟ್ರೆ ಹುಡುಕ್ತೀಯ. ತಿನ್ನು. ಆದ್ರೆ ತಿನ್ನೋಕೆ ಮುಂಚೆ ಇಲ್ಲಿ ಬಂದು ಕೂತ್ಕೊಂಡು, ಪಿಸಿಲಂದು ಒಂದು ಮಾತು ಹೇಳು. ಒಂದೇ ಒಂದು. ಆಮೇಲೆ ಏನ್ ಬೇಕಾದ್ರೂ ತಿನ್ನು."

ಆ ಹೆಸರು ಆ ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ಕೇಳಿಸಿತ್ತು. ಅವಳು ನನ್ನನ್ನು ದಿಟ್ಟಿಸಿದಳು. ನಾನು ಕೇದಗೆ ಎಲೆ ಸೀಳುತ್ತಾ ಕೂತೆ. ಚಾಪೆಯ ಕೆಲಸಕ್ಕೆ ಅವಸರವಿಲ್ಲ.

"ಅವಳು..." ಅಂದಳು ಕೊನೆಗೆ. "ಅವಳು ಸನ್ಯಾಸಿ ಏಡೀನ ಪೌಡರ್ ಡಬ್ಬೀಲಿ ಹಾಕಿ ಸಾಕಿದ್ಳಲ್ಲ. ಭಾನುವಾರ ಅದಕ್ಕೂ ಪ್ರಾರ್ಥನೆ ಹೇಳ್ಕೊಡೋಳು."

"ಅದು ಬೋಧಕರ ಕಾಲು ಕಚ್ಚಿತ್ತು."

"ಆಮೆನ್ ಅನ್ನೋಕೆ ಮುಂಚೇನೇ!"

ನಾವಿಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅವಳು ಎಲೆಯ ರಾಶಿಯ ಮೇಲೆ ಮುಖವಿಟ್ಟು ಅತ್ತಳು. ಅತ್ತಾದ ಮೇಲೆ ನಾಲ್ಕು ಬಿಸ್ಕತ್ತು ತಿಂದಳು. ಬೇಡ ಅನ್ನಲಿಲ್ಲ ನಾನು. ಆದರೆ ಕೂತು ತಿಂದಳು, ಮೆತ್ತಗಾಗಿವೆ ಅಂದಳು. ರುಚಿ ತಿಳಿಯಿತಲ್ಲ ಅಂತ ನನಗೆ ಸಮಾಧಾನ.

ಹಾಗೆ ಶುರುವಾಯಿತು. ಶಾಲೆಯ ಗಂಟೆ ಬಾರಿಸಿದಾಗ ಒಂದು ಮಾತು, ಸ್ನಾನದ ಹೊತ್ತಿಗೆ ಒಂದು. ಲಾವಿನಿಯಳೂ ಬಂದು ಕೂರುತ್ತಿದ್ದಳು. "ಅಜ್ಜಿ, ಅವಳು ನನ್ನ ಹೊಸ ಚಪ್ಲಿನ ಹಂದಿಗೆ ಹಾಕಿದ್ದು ಹೇಳ್ಲಾ?" ಕೆಲವು ದಿನ ಮಾತು ಮುಗಿಯುವಷ್ಟರಲ್ಲಿ ಹಸಿವು ಹೋಗಿರುತ್ತಿತ್ತು. ಕೆಲವು ದಿನ ಮಾತೂ ಆಗಿ, ಡಬ್ಬಿಯೂ ಖಾಲಿ. ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ನನಗೆ ಕೇದಗೆಯ ಹಸಿ ವಾಸನೆ ಬರುತ್ತದೆ. ಮಗು ಇಲ್ಲದ ಮನೆಯಲ್ಲಿ ಮಗು ಓಡಾಡಿಕೊಂಡಿದ್ದ ದಿನಗಳವು.

ಮನಾಸೆ ಇದರಲ್ಲಿ ಸೇರಲಿಲ್ಲ. ಹೆಸರು ಕಿವಿಗೆ ಬಿದ್ದರೆ ಎದ್ದು ದೋಣಿಯ ಹತ್ತಿರ ಹೋಗುತ್ತಿದ್ದ.

ಮೇ ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಮಕ್ಕಳದು. ಬಿಳಿ ಬಟ್ಟೆ ಹಾಕಿಕೊಂಡು, ಚರ್ಚಿನಲ್ಲಿ ಬಾಯಿಪಾಠ ಒಪ್ಪಿಸಿ, ಮಕ್ಕಳೇ ಮೊದಲು ಊಟಕ್ಕೆ ಕೂರುತ್ತಾರೆ. ದೊಡ್ಡವರು ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಿ ಬಡಿಸುತ್ತಾರೆ. ವರ್ಷವಿಡೀ ದೊಡ್ಡವರ ಊಟ ಮುಗಿಯಲೆಂದು ಕಾಯುವ ಮಕ್ಕಳಿಗೆ ಅದೊಂದು ದಿನ ರಾಜ್ಯಭಾರ. ಲೆಸಿಯೇಲಿ ಲಾವಿನಿಯಳಿಗೆ ಬಡಿಸಿದಳು. ನಡುವೆ ಎಲ್ಲಿ ಎದ್ದಳೋ ನನಗೆ ತಿಳಿಯಲಿಲ್ಲ. ಆಮೇಲೆ ನೋಡಿದರೆ ಚರ್ಚಿನ ಅಡುಗೆ ಚಪ್ಪರದ ಹಿಂದೆ, ಮಿಕ್ಕ ಊಟದ ಬುಟ್ಟಿಯೊಂದನ್ನು ಕಾಲ ನಡುವೆ ಇಟ್ಟುಕೊಂಡು, ಎರಡೂ ಕೈಯಲ್ಲಿ ತಿನ್ನುತ್ತಿದ್ದಳು. ಹಂದಿಮಾಂಸ, ಗೆಣಸು, ಕೇಕು ಎಲ್ಲ ಒಟ್ಟಿಗೆ. ಬಿಳಿ ಅಂಗಿಯ ಎದೆ ಎಣ್ಣೆಯಾಗಿತ್ತು. ನನ್ನನ್ನು ಕಂಡೂ ನಿಲ್ಲಿಸಲಾಗಲಿಲ್ಲ ಅವಳಿಗೆ. ಅಲ್ಲೇ ವಾಂತಿ ಮಾಡಿಕೊಂಡಳು. ತಲೆ ತಿರುಗಿ ಬಿದ್ದಳು. ಮನಾಸೆ ಬಂದು ಎತ್ತಿಕೊಂಡು ನರ್ಸಮ್ಮನ ಬಳಿ ಓಡಿದ.

ಮೂರನೆಯ ದಿನ ಎದ್ದು ಕೂತವಳು ಲಾವಿನಿಯಳ ಶಾಲೆಯ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡು ಬರೆದಳು. ಬರೆದು ನನಗೆ ಕೊಟ್ಟಳು. ನಾನಾಗ ಬೋಧಕರ ಸಂಜೆಶಾಲೆಗೆ ಹೋಗುತ್ತಿದ್ದೆ. ಬೆರಳಿಟ್ಟುಕೊಂಡು ನಿಧಾನವಾಗಿ ಓದಿದೆ.

"ವಾಸಿತಿ ಅಕ್ಕನವರಿಗೆ. ನನ್ನ ಮೈ ಕಂಡು ನನಗೆ ಸುಖವಾಗಿದೆ ಅಂತ ಜನ ನಿಮಗೆ ಹೇಳಿದ್ದಾರೆ. ಇದು ಸುಖದ ಮೈ ಅಲ್ಲ ಅಕ್ಕ. ಅಳುವ ಹಾಗಿರಲಿಲ್ಲ, ಅದಕ್ಕೆ ತಿಂದೆ. ಮಗು ನಿಮ್ಮದೇ, ವಾಪಸು ಕೇಳುತ್ತಿಲ್ಲ. ಶಾಲೆಗೆ ರಜೆ ಬಂದಾಗ ಒಮ್ಮೆ ಹಡಗು ಹತ್ತಿಸಿ ಕಳಿಸಿಕೊಡಿ. ನನ್ನನ್ನು ಅವಳು ಏನಂತ ಕರೆದರೂ ಸರಿ. ಡಬ್ಬಿಗಳು ಇನ್ನು ಬೇಡ."

"ಅತ್ತೆಮ್ಮ, ತಪ್ಪಿದ್ಯಾ?"

"ಇಲ್ಲ" ಅಂದೆ. ನನ್ನ ಮಗಳಿಗೆ ಇದು ಎಲ್ಲಿ ನಾಟುತ್ತದೆಂದು ನನಗೆ ಗೊತ್ತಿತ್ತು. ಆದರೂ ಇಲ್ಲ ಅಂದೆ.

ಅಂದು ರಾತ್ರಿ ಊಟಕ್ಕೆ ಬೇಯಿಸಿದ ಮರಗೆಣಸು, ಮೀನು. ಲೆಸಿಯೇಲಿ ಕಾಗದವನ್ನು ಗಂಡನ ತಟ್ಟೆಯ ಪಕ್ಕ ಇಟ್ಟಳು.

"ಗುರುವಾರ ಹಡಗಿಗೆ ಹಾಕು."

"ಯಾರಿಗೆ?"

"ನಿಮ್ಮಕ್ಕನಿಗೆ. ಪಿಸಿಲನ್ನ ರಜೆಗೆ ಕಳ್ಸಿ ಅಂತ."

ಮನಾಸೆ ಅದನ್ನು ಮುಟ್ಟಲಿಲ್ಲ. "ತಲೆ ಕೆಟ್ಟಿದ್ಯಾ? ನಮ್ಮಕ್ಕನ್ನ ನಾನೇ ಕೇಳಂಗಿಲ್ಲ, ನೀನ್ ಕೇಳ್ತೀಯಾ? ಊರು ಏನನ್ನತ್ತೆ? ಕೊಟ್ಟು ಕಿತ್ಕೊಂಡ್ರು ಅನ್ನತ್ತೆ. ನನ್ನ ದೋಣೀಲಿ ಅದು ಹೋಗಲ್ಲ."

"ಬೇರೆ ದೋಣಿ ಯಾವ್ದಿದೆ?"

"ಇಲ್ವಲ್ಲ, ಅದಕ್ಕೇ ಹೋಗಲ್ಲ."

ಅವನು ತಟ್ಟೆ ಸರಿಸಿ ಎದ್ದ. ಅರ್ಧ ಊಟ ಹಾಗೇ ಉಳಿದಿತ್ತು. ಲಾವಿನಿಯ ಅದರತ್ತ ನೋಡಲೂ ಇಲ್ಲ. ಅಪ್ಪನ ತಟ್ಟೆಯಲ್ಲಿ ಉಳಿದದ್ದನ್ನು ಮಕ್ಕಳು ಮುಟ್ಟುವಂತಿಲ್ಲ, ನಮ್ಮಲ್ಲಿ ಅದು ನಿಷೇಧ. ಲೆಸಿಯೇಲಿ ತಟ್ಟೆಯನ್ನು ಎತ್ತಿ ಅವನ ಎದುರಿಗೇ ಹಿಡಿದಳು.

"ನೋಡು. ಜನವರಿಯಿಂದ ನೀನು ಒಂದ್ ದಿನ ತಟ್ಟೆ ಖಾಲಿ ಮಾಡಿಲ್ಲ. ಅವಳ ಪಾಲೂ ನಾನೇ ತಿಂದೆ. ನೀನು ಬಿಟ್ಟಿದ್ದನ್ನೂ ನಾನೇ ತಿಂತಿದ್ದೀನಿ. ನಂಗಾಗಲ್ಲ ಮನಾಸೆ, ಇನ್ನು ನಿಂದು ನೀನೇ ತಿನ್ನು."

ಅವನು ತಟ್ಟೆ ಹಿಡಿಯಲಿಲ್ಲ. ಕತ್ತಲಿಗೆ ಇಳಿದು ಹೋದ. ತಟ್ಟೆಯ ಊಟ ಅಂದು ಹಂದಿಗೆ ಹೋಯಿತು.

ಕಾಗದ ಬೈಬಲ್ಲಿನ ಪಕ್ಕ ಕೂತಿತು. ಆ ಗುರುವಾರ ಹೋಗಲಿಲ್ಲ, ಮುಂದಿನ ಗುರುವಾರವೂ ಹೋಗಲಿಲ್ಲ. ಹಡಗು ಕೂಗಿದಾಗಲೆಲ್ಲ ಲೆಸಿಯೇಲಿಯ ಕೈ ಡಬ್ಬಿಯ ಹತ್ತಿರ ಹೋಗುತ್ತಿತ್ತು. ಬಂದು ನನ್ನ ಪಕ್ಕ ಕೂರುತ್ತಿದ್ದಳು. ಒಂದೊಂದು ಸಲ ಹೇಳಲು ಮಾತೇ ಉಳಿದಿರಲಿಲ್ಲ. "ಹೇಳಿದ್ದೇ ಹೇಳ್ಲಾ?" "ಹೇಳೇ, ಹಳೇದಕ್ಕೇನು ಹುಳ ಬೀಳತ್ತಾ?" ಸೀಳಿದ ಕೇದಗೆ ಒಣಗಿ, ಚಾಪೆ ಅರ್ಧಕ್ಕೆ ಬಂತು. ಹಿಮ್ಮಡಿಯ ಗಾಯ ಅಂಚಿನಿಂದ ಮಾಯತೊಡಗಿತು. ಮನಾಸೆ ಯಾರನ್ನೂ ನೋಡದೆ ತಟ್ಟೆ ಖಾಲಿ ಮಾಡುತ್ತಿದ್ದ, ಔಷಧಿ ಕುಡಿಯುವವನ ಹಾಗೆ.

ಜುಲೈಯಲ್ಲಿ ಒಂದು ಮಧ್ಯಾಹ್ನ ಅವನು ಹೊರಗೆ ಕಿಟಕಿಯ ಕೆಳಗೆ ಕೂತು ಹಗ್ಗ ಹೊಸೆಯುತ್ತಿದ್ದ. ಒಳಗೆ ಲೆಸಿಯೇಲಿ, ಪಿಸಿಲ ದೋಣಿಯಲ್ಲಿ ಅಡಗಿ ಕೂತ ಕಥೆ ಹೇಳುತ್ತಿದ್ದಳು. "ಬಲೆ ಕೆಳಗೆ ಮಲಗಿಬಿಟ್ಟಿದ್ಳು, ಬಂಡೆ ದಾಟೋವರೆಗೂ ಯಾರ್ಗೂ..."

"ಬಲೆ ಅಲ್ಲ" ಅಂತ ಹೊರಗಿನಿಂದ ಕೇಳಿಸಿತು. "ನನ್ನ ಅಂಗಿ ಕೆಳಗೆ. 'ಅಪ್ಪಾ ನಾನು ಮೀನು, ನನ್ನ ನೀರಿಗೆ ಬಿಡ್ಬೇಡ' ಅಂದ್ಳು."

ಹಗ್ಗ ಹೊಸೆಯುವ ಸದ್ದು ನಿಂತಿತು. ಬಹಳ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಮರುದಿನ ಗುರುವಾರ. ದಕ್ಷಿಣದ ಗಾಳಿ ಎದ್ದು ಬಂಡೆಯ ಮೇಲೆ ಅಲೆ ಬಿಳಿಯಾಗಿ ಒಡೆಯುತ್ತಿತ್ತು. ಹಡಗು ಹೆಚ್ಚು ಹೊತ್ತು ನಿಲ್ಲುವ ಹಾಗಿರಲಿಲ್ಲ. ನಾವೆಲ್ಲ ದಂಡೆಯಲ್ಲಿದ್ದೆವು. ಮನಾಸೆ ಮೂಟೆಗಳನ್ನು ಏರಿಸಿ, ಅಂಚೆಚೀಲದ ಬಾಯಿ ಕಟ್ಟಿ, ಒಂದು ಗಳಿಗೆ ನೀರಿನಲ್ಲಿ ಮೊಣಕಾಲುದ್ದ ನಿಂತ. ಆಮೇಲೆ ಹೆಂಡತಿಯತ್ತ ತಿರುಗದೆ, ಸಮುದ್ರಕ್ಕೆ ಹೇಳುವವನಂತೆ ಕೂಗಿದ.

"ಇನ್ಯಾರದ್ದಾದ್ರೂ ಅಂಚೆ ಇದ್ಯಾ?"

ಲೆಸಿಯೇಲಿ ಮನೆಗೆ ಓಡಿದಳು. ಆ ಕಾಲಲ್ಲಿ, ಆ ಮೈಯಲ್ಲಿ ಅವಳು ಹಾಗೆ ಓಡಿದ್ದನ್ನು ನಾನು ಮತ್ತೆಂದೂ ನೋಡಿಲ್ಲ. ಏದುಸಿರು ಬಿಡುತ್ತಾ ಬಂದು ಕಾಗದವನ್ನು ಅವನ ಕೈಗಿಟ್ಟಳು.

"ನಾನು ಓದಿಲ್ಲ, ಯಾರನ್ನೂ ಏನೂ ಕೇಳಿಲ್ಲ" ಅಂದ. "ಅಂಚೆ ಅಂದ್ಮೇಲೆ ಅಂಚೆ. ಹಾಕ್ತೀನಿ."

"ಚೀಲ ಕಟ್ಟಾಯ್ತಲ್ಲ?"

"ಕಟ್ಟಾಯ್ತು."

ದೋಣಿ ಅಲೆಯೊಳಗೆ ಮುಳುಗಿ ಎದ್ದು ಮುಳುಗಿ ಎದ್ದು ಬಂಡೆಯ ಆಚೆ ಹೋಯಿತು. ಹಡಗಿನವರು ಹಗ್ಗದ ಏಣಿ ಇಳಿಸಿದರು. ಚೀಲ ಬೆನ್ನ ಮೇಲೆ, ಎರಡೂ ಕೈ ಏಣಿಗೆ. ಕಾಗದ ಒದ್ದೆಯಾಗದಂತೆ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅಕ್ಕನ ಎದುರು ಎಂದೂ ಬಾಯಿ ತೆರೆಯದ ನನ್ನ ಮಗ, ಒಂದೊಂದೇ ಮೆಟ್ಟಿಲು ಮೇಲಕ್ಕೆ ಹತ್ತಿದ.